ಎಣಿಸೋದು, ಅಳೆಯೋದು, ತೂಗೋದು

ಮೊನ್ನೆ ಭಾನುವಾರ ತಂಗಿಯ ಮಗಳು ಕೆಮಿಸ್ಟ್ರಿ ಪುಸ್ತಕ ಹಿಡಿದುಕೊಂಡು ಮಂಡ್ಯದ ನಮ್ಮ ಮನೆಗೆ ಬಂದಳು. ಈ ವರ್ಷ ಮೊದಲ ಪಿಯುಸಿ. ಹತ್ತನೇ ಕ್ಲಾಸಿನವರೆಗೆ ವಿಜ್ಞಾನದಲ್ಲಿ ತೊಂಬತ್ತಕ್ಕಿಂತ ಕಡಿಮೆ ತೆಗೆದವಳಲ್ಲ. ಈಗ ಮೊದಲನೇ ಪಾಠದ ಮೊದಲ ಲೆಕ್ಕಗಳಲ್ಲೇ ಗಾಡಿ ನಿಂತುಹೋಗಿತ್ತು.

"ಮಾವ, ಇದು ಪ್ರಿಂಟ್ ಮಿಸ್ಟೇಕು" ಅಂತ ಪುಸ್ತಕ ತೆರೆದು ತೋರಿಸಿದಳು. ನೀರಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 1 ಗ್ರಾಂ. ಅದನ್ನೇ ಕಿಲೋಗ್ರಾಂ, ಘನ ಮೀಟರಿನಲ್ಲಿ ಹೇಳಿದರೆ 1000. "ಗ್ರಾಂ ಚಿಕ್ಕದು, ಕಿಲೋ ದೊಡ್ಡದು. ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ ನಂಬರು ಇಳೀಬೇಕು ತಾನೆ? ಇಲ್ಲಿ ಏರಿದೆ."

ಇಪ್ಪತ್ತೆರಡು ವರ್ಷದಿಂದ ಪಿಯು ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತಿದ್ದೇನೆ. ಈ ಅನುಮಾನ ಪ್ರತಿ ಜೂನ್ ತಿಂಗಳಲ್ಲೂ ಅರ್ಧ ತರಗತಿಯ ಮುಖದಲ್ಲಿ ಕಾಣುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. 'ಸಾವಿರದಿಂದ ಗುಣಿಸು' ಅಂತ ಬಾಯಿಪಾಠ ಮಾಡಿಕೊಂಡು ಮುಂದಕ್ಕೆ ಹೋಗುತ್ತಾರೆ. ಪುಟ್ಟಿ ಪುಸ್ತಕದ್ದೇ ತಪ್ಪು ಅಂದಳಲ್ಲ, ಅದು ನನಗೆ ಬಹಳ ಹಿಡಿಸಿತು.

ತಾರಸಿಗೆ ಕರೆದುಕೊಂಡು ಹೋದೆ. ಅಲ್ಲಿ ಸಾವಿರ ಲೀಟರಿನ ಕಪ್ಪು ಟ್ಯಾಂಕು ಕೂತಿದೆ. ಇದನ್ನೇ ಚೌಕದ ತೊಟ್ಟಿ ಮಾಡಿದರೆ ಉದ್ದ ಒಂದು ಮೀಟರು, ಅಗಲ ಒಂದು ಮೀಟರು, ಎತ್ತರ ಒಂದು ಮೀಟರು. ಅದರ ತಳದಲ್ಲಿ ಒಂದೊಂದು ಸೆಂಟಿಮೀಟರಿನ ದಾಳಗಳನ್ನು ಜೋಡಿಸು ಅಂದೆ. ಒಂದು ಸಾಲಿಗೆ 100. ತಳಕ್ಕೆ ಅಂಥ 100 ಸಾಲು, ಅಂದರೆ 10,000. ಅದರ ಮೇಲೆ ಪದರದ ಮೇಲೆ ಪದರ, 100 ಪದರ. ಒಟ್ಟು 10 ಲಕ್ಷ. ಒಂದೊಂದು ದಾಳದಷ್ಟು ನೀರು 1 ಗ್ರಾಂ ಆದರೆ ಒಟ್ಟು 10 ಲಕ್ಷ ಗ್ರಾಂ, ಅಂದರೆ ಸಾವಿರ ಕಿಲೋ. ಗ್ರಾಂನಿಂದ ಕಿಲೋಗೆ ಹೋದಾಗ ನಂಬರು ಸಾವಿರ ಪಟ್ಟು ಇಳಿದದ್ದು ನಿಜ. ಆದರೆ ಅದೇ ಉಸಿರಿನಲ್ಲಿ ನೀರು ತುಂಬುವ ಡಬ್ಬ 10 ಲಕ್ಷ ಪಟ್ಟು ದೊಡ್ಡದಾಯಿತು.

ಅವಳು ಟ್ಯಾಂಕನ್ನು ಒಂದು ಸಲ ನೋಡಿದಳು, ಕಾಲ ಕೆಳಗಿನ ನೆಲವನ್ನು ಒಂದು ಸಲ ನೋಡಿದಳು. "ಹಂಗಾದ್ರೆ ನಾವು ಮಲಗೋ ರೂಮಿನ ಮೇಲೆ ಒಂದು ಟನ್ ನೀರಿದೆಯಾ?"

ಇದೆ. ಮೇಸ್ತ್ರಿಗೆ ಅದು ಗೊತ್ತಿತ್ತು ಅನ್ನೋದೇ ಸಮಾಧಾನ.

ಕೆಳಗೆ ಬಂದರೆ ಜಗುಲಿಯಲ್ಲಿ ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ನಮ್ಮ ಮಾತು ಕೇಳಿಸಿಕೊಂಡಿದ್ದಾರೆ. "ಗುಂಟೆ ಅಂದ್ರೆ ಎಷ್ಟವ್ವ?" ಅಂದರು ಮೊಮ್ಮಗಳಿಗೆ. ಅವಳಿಗೆ ಗೊತ್ತಿರಲಿಲ್ಲ. "ಮೂವತ್ಮೂರಡಿ ಉದ್ದ, ಮೂವತ್ಮೂರಡಿ ಅಗಲ. ಈಗ ಅರವತ್ತಾರಡಿ ಉದ್ದ, ಅರವತ್ತಾರಡಿ ಅಗಲ ಆದ್ರೆ ಎಷ್ಟು ಗುಂಟೆ?"

"ಎರಡು ತಾತ."

"ನಾಲ್ಕು ಕಣವ್ವ. ಎರಡು ಅಂತ ಪತ್ರ ಬರ್ಕೊಟ್ಟುಬುಟ್ಟೀಯ, ಉಸಾರು!"

ಗುಂಟೆಗೆ 1,089 ಚದರ ಅಡಿ, ನಲವತ್ತು ಗುಂಟೆಗೆ ಒಂದೆಕರೆ, ಒಂದೆಕರೆಗೆ 43,560 ಚದರ ಅಡಿ. ಇದನ್ನೆಲ್ಲ ನಮ್ಮೂರಿನ ಯಾರನ್ನು ಕೇಳಿದರೂ ನಿದ್ದೆಗಣ್ಣಲ್ಲಿ ಹೇಳುತ್ತಾರೆ. ಅವರ ಮಕ್ಕಳೇ ನನ್ನ ತರಗತಿಯಲ್ಲಿ ಯೂನಿಟ್ ಕನ್ವರ್ಷನ್ ಅಂದರೆ ಬೆವರುತ್ತಾರೆ. ಈ ಎರಡರ ನಡುವೆ ಏನೋ ಒಂದು ತಂತಿ ಹರಿದಿದೆ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ.

ನಮ್ಮಜ್ಜಿ ಕಣದಲ್ಲಿ ರಾಗಿ ಅಳೆಯುವಾಗ ಮೊದಲನೇ ಸೇರಿಗೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದಳು. ಲಾಭ, ಎರಡು, ಮೂರು ಅಂತ ಸಾಗುತ್ತಿತ್ತು. ನಾಲ್ಕು ಚಟಾಕು ಒಂದು ಪಾವು, ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು. ಮೇಲಕ್ಕೆ ಹೋದರೆ ಬಳ್ಳ, ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ದೇಶದಲ್ಲಿ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆ ಆಯಿತು, 1958ರ ಅಕ್ಟೋಬರಿನಿಂದ ಕಿಲೋ ಹಂತ ಹಂತವಾಗಿ ಅಂಗಡಿಗಳಿಗೆ ಬಂತು. ಅಜ್ಜಿಯ ಅಡುಗೆಮನೆಗೆ ಮಾತ್ರ ಅವಳು ಹೋಗುವವರೆಗೂ ಬರಲಿಲ್ಲ. ಅಂಗಡಿಯವನು ಕಿಲೋ ಲೆಕ್ಕದಲ್ಲಿ ಕೊಟ್ಟ ಅಕ್ಕಿಯನ್ನು ಮನೆಗೆ ತಂದು ಸೇರಿನಲ್ಲಿ ಮತ್ತೊಂದು ಸಲ ಅಳೆದೇ ಡಬ್ಬಕ್ಕೆ ಸುರಿಯುತ್ತಿದ್ದಳು. ಬೇಳೆ, ಅಕ್ಕಿ, ರಾಗಿ ಮೂರನ್ನೂ ಒಂದೊಂದು ಕಿಲೋ ತಂದರೆ ಮೂರೂ ಬೇರೆ ಬೇರೆ ಅಳತೆಗೆ ಬರುತ್ತಿದ್ದವು. "ನಿಮ್ಮ ಕಿಲೋಗೆ ನೀಯತ್ತಿಲ್ಲ" ಅನ್ನುತ್ತಿದ್ದಳು.

ಕಿಲೋಗೆ ನೀಯತ್ತಿತ್ತು. ಸೇರಿಗೂ ಇತ್ತು. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವು, ಅಷ್ಟೆ. ಇದಕ್ಕೆ ಇನ್ನೊಂದು ಗಂಟು ಬೇರೆ: ತೂಕಕ್ಕೂ ಒಂದು ಸೇರಿತ್ತು, 80 ತೊಲದ್ದು. ತೊಲ ಅಂದರೆ 11.66 ಗ್ರಾಂ, ಹಾಗಾಗಿ ತೂಕದ ಸೇರು ಸುಮಾರು 933 ಗ್ರಾಂ. ಅಳತೆಯ ಸೇರು ಹಿತ್ತಾಳೆಯ ಪಾತ್ರೆ, ತೂಕದ ಸೇರು ಕಬ್ಬಿಣದ ಬಟ್ಟು. ಹೆಸರು ಒಂದೇ. ಈ ಗೊಂದಲದಲ್ಲಿ ಎಷ್ಟು ಜನ ಸಾಹುಕಾರರಾದರೋ!

ಅಜ್ಜಿಯ ಪಾವು ಇನ್ನೂ ಅವ್ವನ ಹತ್ತಿರ ಇದೆ. ಅಂಚು ಸವೆದು ನುಣ್ಣಗಾಗಿದೆ, ಪಕ್ಕದಲ್ಲಿ ಸರ್ಕಾರದ ಮುದ್ರೆ ಒತ್ತಿದ ಗುರುತು ಅರ್ಧ ಅಳಿಸಿದೆ. ಅದನ್ನು ತರಿಸಿ, ಕೇಕ್ ಮಾಡಲು ತಂದಿಟ್ಟಿದ್ದ ಡಿಜಿಟಲ್ ತಕ್ಕಡಿಯ ಮೇಲೆ ಇಟ್ಟು, ಪಾತ್ರೆಯ ತೂಕ ಸೊನ್ನೆ ಮಾಡಿದೆವು. ಮೊದಲು ನೀರು, ಬಾಯಿಮಟ್ಟ: 246 ಗ್ರಾಂ. ಅದನ್ನು ಚೆಲ್ಲಿ, ಒರೆಸಿ, ರಾಗಿ ತುಂಬಿ ಬೆರಳಲ್ಲಿ ಸವರಿದಳು: 195. ಆಮೇಲೆ ಡಬ್ಬದಲ್ಲಿದ್ದ ಕಡ್ಲೆಪುರಿ: 22. ಪುಟ್ಟಿ ಇನ್ನೊಂದು ಸಲ ತುಂಬಿ ನೋಡಿದಳು, ಅಷ್ಟೇ ಬಂತು. ಪಾವು ಒಂದೇ, ಅದರೊಳಗಿನ ಜಾಗ ಒಂದೇ, ತೂಕ ಮಾತ್ರ ಹನ್ನೊಂದು ಪಟ್ಟು ಮೇಲೆ ಕೆಳಗೆ.

ಆಗ ಹೇಳಿದೆ: ಕನ್ನಡದಲ್ಲಿ ಮೂರು ಮಾತಿವೆ, ನೋಡು. ಎಣಿಸೋದು, ಅಳೆಯೋದು, ತೂಗೋದು. ತೆಂಗಿನಕಾಯಿ ಎಣಿಸುತ್ತೇವೆ, ಹಾಲು ಅಳೆಯುತ್ತೇವೆ, ಬೆಲ್ಲ ತೂಗುತ್ತೇವೆ. ಯಾವ ಮಂಡ್ಯದವನೂ 'ಕಬ್ಬು ಅಳೆದೆ' ಅನ್ನುವುದಿಲ್ಲ, 'ಎಳನೀರು ತೂಗಿಸಿದೆ' ಅನ್ನುವುದಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮಾರುವವಳು ಬಿಡಿ ಹೂವನ್ನು ತೂಗುತ್ತಾಳೆ, ಕಟ್ಟಿದ ಹೂವನ್ನು ಮೊಳದಲ್ಲಿ ಅಳೆಯುತ್ತಾಳೆ. ಅದೂ ಅವಳದೇ ಮೊಳ, ಮೊಣಕೈಯಿಂದ ಬೆರಳ ತುದಿಯವರೆಗೆ. ಗಿಡ್ಡ ಕೈಯವರ ಹತ್ತಿರ ಹೂ ಕೊಳ್ಳಬೇಡ ಅಂತ ನಮ್ಮವ್ವ ಈಗಲೂ ಹೇಳುತ್ತಾರೆ. ಮೊದಲ ಪಿಯುಸಿಯ ಮೊದಲ ಪಾಠ ಪೂರ್ತಿ ಈ ಮೂರು ಕ್ರಿಯಾಪದಗಳ ನಡುವೆ ಓಡಾಡುವುದರ ಬಗ್ಗೆಯೇ ಇದೆ. ಪುಸ್ತಕ ಅದನ್ನು ಹಾಗೆ ಹೇಳುವುದಿಲ್ಲ.

ಒಂದು ತಕರಾರು ಇಲ್ಲೇ ಹೇಳಿಬಿಡುತ್ತೇನೆ. ಕನ್ನಡ ಪಠ್ಯದಲ್ಲಿ ತೂಗುವ ವಸ್ತುವಿಗೆ 'ದ್ರವ್ಯರಾಶಿ' ಎಂದಿಟ್ಟಿದ್ದಾರೆ, ಚಿಕ್ಕದಾಗಿ 'ರಾಶಿ'. ರೈತರ ಮಗುವಿಗೆ ರಾಶಿ ಅಂದರೆ ಕಣದಲ್ಲಿ ಬಿದ್ದಿರುವ ಗುಡ್ಡೆ. ರಾಶಿ ಕಣ್ಣಿಗೆ ಕಾಣುವುದು ಎತ್ತರದಲ್ಲಿ, ಅಗಲದಲ್ಲಿ. ಪದ ಕೇಳಿದ ಕೂಡಲೇ ಮಗುವಿನ ಮನಸ್ಸು ಗಾತ್ರದ ಕಡೆಗೆ ಹೊರಳುತ್ತದೆ, ನಾವು ತೂಕದ ಕಡೆಗೆ ಎಳೆಯುತ್ತಿರುತ್ತೇವೆ. ಭೌತಶಾಸ್ತ್ರದವರು ತೂಕ ಬೇರೆ, ರಾಶಿ ಬೇರೆ ಅಂತ ನನ್ನ ಮೇಲೆ ಬೀಳುತ್ತಾರೆ. ಗೊತ್ತು. ತಕ್ಕಡಿ ಮಂಡ್ಯದಲ್ಲೇ ಇರುವವರೆಗೆ ನನಗೆ ತೂಕ ಸಾಕು.

ಅಳತೆಯಿಂದ ತೂಕಕ್ಕೆ ದಾಟಲು ಸೇತುವೆ ಸಾಂದ್ರತೆ. ಹಳ್ಳಿಯಲ್ಲಿ ಡೇರಿಗೆ ಹಾಲು ಹಾಕಿದವರಿಗೆ ಇದು ಹೊಸದಲ್ಲ. ಹಾಲಿಗೆ ಇಳಿಬಿಡುವ ಲ್ಯಾಕ್ಟೋಮೀಟರು 28 ತೋರಿಸಿತು ಅಂದರೆ ಆ ಹಾಲು ನೀರಿನ 1.028 ಪಟ್ಟು ಭಾರ. ಮನೆಯಲ್ಲಿ 10 ಲೀಟರ್ ಅಳೆದು ಒಯ್ದ ಹಾಲು ತಕ್ಕಡಿಯಲ್ಲಿ 10 ಕಿಲೋ 280 ಗ್ರಾಂ ತೂಗುತ್ತದೆ. ಯಾರೂ ಮೋಸ ಮಾಡಿಲ್ಲ. ಚೀಟಿಯಲ್ಲಿ ಬರೆದದ್ದು ಲೀಟರೋ ಕಿಲೋನೋ ಅಂತ ಕೇಳದೆ ಜಗಳಕ್ಕೆ ನಿಂತರೆ ಮಾತ್ರ ಮಾನ ಹೋಗುತ್ತದೆ.

ತೂಕದಿಂದ ಎಣಿಕೆಗೆ ದಾಟುವುದು ಇದಕ್ಕಿಂತ ಸೊಗಸು. "ಈ ಪಾವಿನಲ್ಲಿ ಎಷ್ಟು ರಾಗಿ ಕಾಳಿವೆ, ಹೇಳು" ಅಂದೆ. ಪುಟ್ಟಿ ನನ್ನ ಮುಖ ನೋಡಿದಳು. ಫ್ಯಾನು ಆರಿಸಿ, ಸ್ಟೀಲ್ ತಟ್ಟೆಯಲ್ಲಿ ರಾಗಿ ಹರಡಿಕೊಂಡು, ಇಬ್ಬರೂ ನೂರು ನೂರರ ಹತ್ತು ಗುಡ್ಡೆ ಮಾಡಿದೆವು. ಮುಕ್ಕಾಲು ಗಂಟೆ ಹಿಡಿಯಿತು. ಆರನೇ ಗುಡ್ಡೆಯ ಮೇಲೆ ಅವಳು ಸೀನಿ, ಅದನ್ನು ಮತ್ತೆ ಎಣಿಸಬೇಕಾಯಿತು. ಅಡುಗೆಮನೆಯ ತಕ್ಕಡಿಗೆ ಇಷ್ಟು ಸಣ್ಣ ತೂಕ ನೆಟ್ಟಗೆ ತಿಳಿಯುವುದಿಲ್ಲ. ಕಾಗದದ ಪೊಟ್ಟಣ ಕಟ್ಟಿಕೊಂಡು ಬೀದಿ ಕೊನೆಯ ಆಚಾರ್ರ ಅಂಗಡಿಗೆ ಹೋದೆವು. ಚಿನ್ನ ತೂಗುವ ತಕ್ಕಡಿಯಲ್ಲಿ ರಾಗಿ ಸುರಿದು ಅವರು ಕನ್ನಡಕದ ಮೇಲಿಂದ ನಮ್ಮನ್ನು ನೋಡಿದರು. 2.80 ಗ್ರಾಂ.

ಸಾವಿರ ಕಾಳಿಗೆ 2.80 ಗ್ರಾಂ ಆದರೆ 195 ಗ್ರಾಂ ರಾಗಿಯಲ್ಲಿ ಸುಮಾರು 70,000 ಕಾಳು. ಎಣಿಸಿದ್ದು ಸಾವಿರ, ತಿಳಿದದ್ದು ಎಪ್ಪತ್ತು ಸಾವಿರ. ಮಿಕ್ಕದ್ದನ್ನು ತಕ್ಕಡಿ ಎಣಿಸಿತು. ಮೋಲ್ ಅನ್ನುವುದು ಇದೇ ಉಪಾಯ. ಪರಮಾಣುಗಳನ್ನು ಯಾರೂ ಕೂತು ಎಣಿಸಲಾರರು. ಅದಕ್ಕೆ ಒಂದು ಕಟ್ಟು ಮಾಡಿಕೊಂಡರು, ವೀಳ್ಯದೆಲೆಯ ಕಟ್ಟಿನ ಹಾಗೆ. ಈ ಕಟ್ಟಿನಲ್ಲಿ 6.022ನ್ನು ಹತ್ತರ ಘಾತ 23ರಿಂದ ಗುಣಿಸಿದಷ್ಟು ಕಣ. ನೀರಿನ ಒಂದು ಕಟ್ಟು 18 ಗ್ರಾಂ, ಸಕ್ಕರೆಯದು 342 ಗ್ರಾಂ, ಉಪ್ಪಿನದು 58.5 ಗ್ರಾಂ. ಗ್ರಾಂ ಬೇರೆ ಬೇರೆ, ಒಳಗಿರುವ ಎಣಿಕೆ ಒಂದೇ.

ಹತ್ತರ ಘಾತ 23 ಅಂದರೆ ಎಷ್ಟು ಎಂದು ಹೇಳಲು ಪುಸ್ತಕಗಳು ಏನೇನೋ ಹೋಲಿಕೆ ತರುತ್ತವೆ. ನಾವು ರಾಗಿಯನ್ನೇ ಹಿಡಿದೆವು. ಒಂದು ಮೋಲ್ ರಾಗಿ ಕಾಳು ತೂಗಿದರೆ ಎಷ್ಟು? ಒಂದು ಕಾಳು 2.8 ಮಿಲಿಗ್ರಾಂ. ಗುಣಿಸಿದರೆ ಬಂದ ಕಿಲೋಗಳನ್ನು ಬರೆಯಲು ಪುಟ್ಟಿಯ ನೋಟ್ ಪುಸ್ತಕದ ಅರ್ಧ ಸಾಲು ಬೇಕಾಯಿತು, ಅರ್ಥ ಮಾತ್ರ ಆಗಲಿಲ್ಲ. ಅದಕ್ಕೆ ಕನ್ನಂಬಾಡಿ ಕಟ್ಟೆಯನ್ನೇ ತಕ್ಕಡಿಯ ಬಟ್ಟು ಮಾಡಿಕೊಂಡೆವು. ಕಟ್ಟೆ ತುಂಬಿದರೆ 49.45 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಒಂದು ಘನ ಅಡಿಗೆ 28.317 ಲೀಟರು, ಹಾಗಾಗಿ ಟಿಎಂಸಿಗೆ ಸುಮಾರು 2,832 ಕೋಟಿ ಲೀಟರು. ಲೀಟರಿಗೆ ಕಿಲೋ ಅಂತ ಹಿಡಿದು ಲೆಕ್ಕ ಹಾಕಿದರೆ, ಒಂದು ಮೋಲ್ ರಾಗಿ ತುಂಬಿದ ಕಟ್ಟೆಯ ನೀರಿಗಿಂತ ಸುಮಾರು 12 ಲಕ್ಷ ಪಟ್ಟು ಭಾರ. ಒಂದು ಮೋಲ್ ನೀರೋ, ಒಂದು ಗುಟುಕು.

ಪುಟ್ಟಿ ಲೋಟ ತಂದು 18 ಗ್ರಾಂ ನೀರು ತೂಗಿ ಕುಡಿದಳು. "ಕುಡಿದೆ ಮಾವ, ಒಂದು ಮೋಲು."

ಟಿಎಂಸಿ, ಕ್ಯೂಸೆಕ್ ವಿಷಯಕ್ಕೆ ಬಂದರೆ ಮಂಡ್ಯದ ಟೀ ಅಂಗಡಿಗಳಲ್ಲಿ ಕೂರುವವರಿಗೆ ನಾನು ಪಾಠ ಹೇಳಬೇಕಾಗಿಲ್ಲ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಖಾಲಿ. ಬೇಸಿಗೆಯಲ್ಲಿ ಕಾವೇರಿ ಗಲಾಟೆ ಶುರುವಾದರೆ ಪೇಪರಿನ ಮೂಲೆಯಲ್ಲಿ ಈ ಲೆಕ್ಕ ಪೆನ್ನಿನಲ್ಲಿ ಗೀಚಿರುವುದನ್ನು ನಾನೇ ನೋಡಿದ್ದೇನೆ. ಒಂದು ಸಲ ಹಾಗೆ ಲೆಕ್ಕ ಹಾಕುತ್ತಿದ್ದವರು ಪಿಯುಸಿಯಲ್ಲಿ ಕೆಮಿಸ್ಟ್ರಿ ಫೇಲಾಗಿ ಓದು ಬಿಟ್ಟವರು, ನನ್ನ ಜೊತೆಯವರೇ. ಗಂಟೆಯನ್ನು ಸೆಕೆಂಡಿಗೆ, ಅಡಿಯನ್ನು ಲೀಟರಿಗೆ ತಿರುಗಿಸುವುದರಲ್ಲಿ ಅವರಿಗೆ ಒಂದು ಚೂರೂ ತಡವರಿಕೆ ಇರಲಿಲ್ಲ. ಜೊತೆಗೆ 'ಕಟ್ಟೇಲಿ 124.80 ಅಡಿ ಆದ್ರೆ ಭರ್ತಿ. ಆದ್ರೆ ಮೇಲಿನ ಒಂದಡಿ, ತಳದ ಒಂದಡಿ ಎರಡೂ ಒಂದೇ ನೀರಲ್ಲ' ಅಂತ ಸೇರಿಸಿದರು. ಉದ್ದ ಬೇರೆ, ಗಾತ್ರ ಬೇರೆ ಅಂತ ನಾನು ಒಂದು ಪೀರಿಯಡ್ ಪೂರ್ತಿ ಒದ್ದಾಡುವುದನ್ನು ಅವರು ಟೀ ಆರುವ ಮೊದಲು ಮುಗಿಸಿದರು.

ತರಗತಿಯಲ್ಲಿ ಅವರನ್ನು ಕೆಡಿಸಿದ್ದು ಏನು? ನನ್ನ ಊಹೆ ಇಷ್ಟು: ನಾವು ಅಂಕಿಯನ್ನು ಅದರ ಮಾನದಿಂದ, ಅಂದರೆ ಯೂನಿಟ್ಟಿನಿಂದ, ಬಿಡಿಸಿ ಕೊಟ್ಟೆವು. ಲೆಕ್ಕವನ್ನೆಲ್ಲ ಬರೀ ಅಂಕಿಯಲ್ಲಿ ಮಾಡಿಸಿ, ಕೊನೆಗೆ ಉತ್ತರದ ಪಕ್ಕ ಬಾಲದ ಹಾಗೆ ಯೂನಿಟ್ ಅಂಟಿಸು ಅಂದೆವು, ಅಂಟಿಸದಿದ್ದರೆ ಅರ್ಧ ಮಾರ್ಕು ಕಳೆದೆವು. ಅಂಟಿಸುವ ವಸ್ತು ಅಲ್ಲ ಅದು, ಮೊದಲಿನಿಂದ ಜೊತೆಯಲ್ಲೇ ನಡೆಯಬೇಕಾದದ್ದು. ಗ್ರಾಂ ಮೇಲಿದ್ದು ಗ್ರಾಂ ಕೆಳಗೂ ಬಂದರೆ ಅಂಕಿಯ ಹಾಗೇ ಹೊಡೆದುಹೋಗುತ್ತದೆ. ಕೊನೆಗೆ ಉಳಿದ ಮಾನ ನಮಗೆ ಬೇಕಾದದ್ದೇ ಆದರೆ ದಾರಿ ಸರಿ, 'ಗ್ರಾಂ ವರ್ಗ' ಅಂತ ಏನೋ ಒಂದು ಉಳಿದರೆ ಎಲ್ಲೋ ಭಾಗಿಸುವ ಕಡೆ ಗುಣಿಸಿದ್ದೀವಿ. ಮಾನ ಬದಲಿಸುವುದು ಅಂದರೆ ಐನೂರರ ನೋಟಿಗೆ ಚಿಲ್ಲರೆ ಮಾಡಿಸಿದ ಹಾಗೆ. ಕೈಯಲ್ಲಿ ಕಾಗದ ಜಾಸ್ತಿಯಾಗುತ್ತದೆ, ದುಡ್ಡು ಅಷ್ಟೇ ಇರುತ್ತದೆ.

ನನಗೆ ಇದು ಗೊತ್ತಾದ ರೀತಿ ಬೇರೆ.

1993ರ ಮುಂಗಾರು. ನಾನೂ ಆಗ ಮೊದಲ ಪಿಯುಸಿ, ನಮ್ಮ ಮನೆಯಲ್ಲಿ ಸೈನ್ಸು ತೆಗೆದುಕೊಂಡ ಮೊದಲನೆಯವನು. ನಾಲೆ ಕೆಳಗೆ ಒಂದೆಕರೆ ಗದ್ದೆ ಇತ್ತು. ಯಾರೋ ಕೊಟ್ಟ ಕರಪತ್ರದಲ್ಲಿ ಭತ್ತಕ್ಕೆ ಎಷ್ಟು ಗೊಬ್ಬರ ಹಾಕಬೇಕು ಅಂತ ಇತ್ತು. ಸಾರಜನಕ 100 ಕಿಲೋ. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು "ಲೆಕ್ಕ ಹಾಕಿ ಹೇಳಪ್ಪ" ಅಂದರು. ನಾನು ಬೀಗಿದೆ. ಯೂರಿಯಾ ಅಣುವಿನ ತೂಕ 60, ಅದರಲ್ಲಿ ಸಾರಜನಕ 28. ಮೂಟೆಯ ಮೇಲೆ ಶೇಕಡಾ 46 ಅಂತಲೂ ಬರೆದಿತ್ತು, ಎರಡೂ ಹೊಂದಿತು. 100ನ್ನು 0.46ರಿಂದ ಭಾಗಿಸಿದೆ: 217 ಕಿಲೋ. ಆಗಿನ್ನೂ 50 ಕಿಲೋ ಮೂಟೆ, ನಾಲ್ಕು ಮೂಟೆಗೂ ಮಿಗಿಲು.

"ಇಷ್ಟೊಂದಾ?" ಅಂದರು ಅಪ್ಪ. ಅವರು ಎರಡು ಮೂಟೆ ದಾಟಿ ಹಾಕಿದವರಲ್ಲ.

"ಬುಕ್ಕಲ್ಲಿ ಹಂಗೇ ಐತಪ್ಪ."

ನಾಲ್ಕು ಮೂಟೆಯನ್ನು ಮೂರು ಸಲಕ್ಕೆ ಹಂಚಿ ಹಾಕಿದರು. 17 ಕಿಲೋ ಬಿಟ್ಟದ್ದು ಅವರ ಬುದ್ಧಿ. ಪೈರು ಕಣ್ಣು ಕುಕ್ಕುವ ಹಾಗೆ ಕರ್ರಗೆ ಹಸಿರಾಗಿ ಎದ್ದಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋದರು, ನಾನು ಕಾಲೇಜಿನಲ್ಲಿ ಹೇಳಿಕೊಂಡೆ. ಆಮೇಲೆ ಎಲೆಗಳ ಮೇಲೆ ಕದಿರಿನಾಕಾರದ ಕಂದು ಮಚ್ಚೆ ಬಂತು, ಬೆಂಕಿ ರೋಗ. ತೆನೆ ಕಟ್ಟುವ ಹೊತ್ತಿಗೆ ಒಂದು ರಾತ್ರಿ ಗಾಳಿ ಮಳೆ ಬಂದು ಬೆಳಿಗ್ಗೆ ನೋಡಿದರೆ ಗದ್ದೆಯ ಮೇಲೆ ಯಾರೋ ಚಾಪೆ ಹಾಸಿದ ಹಾಗೆ ಪೈರು ಮಲಗಿತ್ತು. ಅಕ್ಕಪಕ್ಕದವರದ್ದು ನಿಂತಿತ್ತು.

ಕೃಷಿ ಇಲಾಖೆಯವರೊಬ್ಬರು ಬದುವಿನ ಮೇಲೆ ನಿಂತು ಕೇಳಿದರು, "ಎಷ್ಟು ಯೂರಿಯಾ ಕೊಟ್ರಿ ಗೌಡ್ರೇ?"

"ನಾಲ್ಕು ಮೂಟೆ."

"ಯಾರು ಹೇಳಿದ್ದು ನಿಮ್ಗೆ?"

ನಾನು ಅಪ್ಪನ ಹಿಂದೆ ಎರಡು ಮಾರು ದೂರದಲ್ಲಿ ನಿಂತಿದ್ದೆ. "ನಾನೇ, ಅಂದಾಜಲ್ಲಿ" ಅಂದರು ಅಪ್ಪ.

ಆ ರಾತ್ರಿ ಕರಪತ್ರ ತೆಗೆದು ಬುಡ್ಡಿ ದೀಪದಲ್ಲಿ ನೋಡಿದೆ. ಪಟ್ಟಿಯ ತಲೆಯ ಮೇಲೆ, ಬಲಗಡೆ, ಸಣ್ಣಕ್ಷರದಲ್ಲಿ: ಪ್ರತಿ ಹೆಕ್ಟೇರಿಗೆ. ಹೆಕ್ಟೇರು ಅಂದರೆ 2.47 ಎಕರೆ. ಎಕರೆಗೆ ಬೇಕಿದ್ದದ್ದು 40.5 ಕಿಲೋ ಸಾರಜನಕ, ಅಂದರೆ 88 ಕಿಲೋ ಯೂರಿಯಾ. ಎರಡು ಮೂಟೆಗೆ ಹನ್ನೆರಡು ಕಿಲೋ ಕಡಿಮೆ. ಅಪ್ಪ ವರ್ಷಾ ವರ್ಷ ಅಂದಾಜಿನಲ್ಲಿ ಹಾಕುತ್ತಿದ್ದದ್ದು ಹೆಚ್ಚು ಕಡಿಮೆ ಅಷ್ಟೇ. ಅಣುವಿನ ತೂಕ, ಶೇಕಡಾವಾರು, ಭಾಗಾಕಾರ ಎಲ್ಲ ಸರಿಯಾಗಿ ಮಾಡಿದ್ದೆ. ನೂರು ಅನ್ನುವ ಅಂಕಿಯನ್ನು ಓದಿದ್ದೆ, ಅದು ಯಾವುದಕ್ಕೆ ನೂರು ಅಂತ ಓದಿರಲಿಲ್ಲ.

ಈಗ ಯೂರಿಯಾ ಮೂಟೆ 45 ಕಿಲೋಗೆ ಇಳಿದಿದೆ. ಮೂಟೆ ಲೆಕ್ಕದಲ್ಲೇ ಹಾಕುವವರು ಅದನ್ನು ಗಮನಿಸಿದರೋ ಇಲ್ಲವೋ ಅಂತ ನಾನು ಪ್ರತಿ ಮುಂಗಾರಿಗೂ ಒಂದಿಬ್ಬರನ್ನು ಕೇಳುತ್ತೇನೆ. ಹಳೇ ಚಟ.

ಪುಟ್ಟಿಗೆ ಈ ಕತೆ ಪೂರ್ತಿ ಹೇಳಲಿಲ್ಲ. ಮೋಲಾರಿಟಿಗೂ ಮೋಲಾಲಿಟಿಗೂ ಏನು ವ್ಯತ್ಯಾಸ, ಒಂದೇ ಅಕ್ಷರ ಬದಲಾಗುವ ಎರಡು ಪದ ಯಾಕೆ ಬೇಕು ಅನ್ನುವುದು ಅವಳ ಮುಂದಿನ ಜಗಳವಾಗಿತ್ತು. ನಾನು ಮಾತಾಡದೆ ರಾಗಿ ತುಂಬಿದ ಪಾವನ್ನು ಮೇಜಿನ ಮೇಲೆ ನಾಲ್ಕು ಸಲ ಕುಟ್ಟಿದೆ. ರಾಗಿ ಬೆರಳಗಲ ಕೆಳಗೆ ಕೂತಿತು. ಕೊಳ್ಳುವಾಗ ಕುಲುಕಿ ಅಳೆಸಿಕೊಳ್ಳುವುದು, ಮಾರುವಾಗ ಕುಲುಕದೆ ಸುರಿಯುವುದು ಹಳೇ ವ್ಯಾಪಾರಿಗಳ ವಿದ್ಯೆ. ಅಳತೆ ಕುಲುಕಾಟಕ್ಕೆ ಜಗ್ಗುತ್ತದೆ, ತೂಕ ಜಗ್ಗುವುದಿಲ್ಲ. ದ್ರಾವಣಕ್ಕೆ ಕುಲುಕಾಟದ ಬದಲು ಬಿಸಿಲು. ಶಾಖಕ್ಕೆ ದ್ರವ ಒಂಚೂರು ಹಿಗ್ಗುತ್ತದೆ. ಮೋಲಾರಿಟಿ ಲೀಟರಿನ ಲೆಕ್ಕ, ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಅಂತ. ಬೆಳಿಗ್ಗೆ ತಯಾರಿಸಿದ ದ್ರಾವಣ ಏಪ್ರಿಲ್ ಮಧ್ಯಾಹ್ನಕ್ಕೆ ಕೂದಲೆಳೆಯಷ್ಟು ತೆಳುವಾಗಿರುತ್ತದೆ. ಮೋಲಾಲಿಟಿ ಕಿಲೋ ಲೆಕ್ಕ, ಅದೂ ಕರಗಿಸಿದ ನೀರಿನದು ಮಾತ್ರ. ಬಿಸಿಲು ಎಷ್ಟಾದರೂ ಹೊಡೆಯಲಿ, ಅದು ಕದಲುವುದಿಲ್ಲ. ಅಜ್ಜಿಗೆ ಈ ಎರಡು ಪದ ಹೇಳಿದ್ದರೆ ಬೈಯುತ್ತಿದ್ದಳು, ವಿಷಯ ಮಾತ್ರ ಅವಳಿಗೆ ಗೊತ್ತಿತ್ತು.

ನಾರ್ಮಾಲಿಟಿ ಅನ್ನುವ ದ್ರಾವಣದ ಇನ್ನೊಂದು ಲೆಕ್ಕವನ್ನು ನಾನು ಬೇಕೆಂದೇ ಹಾರಿಸಿದೆ. ನಮ್ಮ ಕಾಲದ ಲ್ಯಾಬಿನ ತಲೆನೋವು ಅದು, ಅವರ ಕಾಲಕ್ಕೂ ದಾಟಿಸಬೇಕಾಗಿಲ್ಲ. ತಾಪಮಾನಕ್ಕೆ ಒಂದೇ ಮಾತು ಹೇಳಿದೆ: ಕಿಲೋ, ಲೀಟರುಗಳಲ್ಲಿ ಸೊನ್ನೆ ಅಂದರೆ ಏನೂ ಇಲ್ಲ ಅಂತ. ಸೆಲ್ಸಿಯಸ್ಸಿನ ಸೊನ್ನೆ ಹಾಗಲ್ಲ, ನೀರು ಹೆಪ್ಪುಗಟ್ಟುವ ಜಾಗಕ್ಕೆ ನಾವು ಇಟ್ಟುಕೊಂಡ ಗುರುತು. ಅದಕ್ಕೇ ಅಲ್ಲಿ ಬರೀ ಗುಣಿಸಿ ಮುಗಿಸಲು ಆಗುವುದಿಲ್ಲ, ಕೆಲ್ವಿನ್‌ಗೆ ಹೋಗಲು 273.15 ಕೂಡಬೇಕು. ಮಂಡ್ಯದ 30 ಡಿಗ್ರಿ, ಇನ್ನೆಲ್ಲಿಯದೋ 15 ಡಿಗ್ರಿಗಿಂತ ಎರಡು ಪಟ್ಟು ಬಿಸಿಯಲ್ಲ.

ಸಂಜೆ ಕಾಫಿ ಹೊತ್ತಿಗೆ ಅವಳೇ ಒಂದು ಲೆಕ್ಕ ಕೊಡಿ ಅಂದಳು. ಮೈಸೂರಿನಲ್ಲಿ ತಯಾರಾಗುವ ಮತದಾನದ ಶಾಯಿಯ ಲೆಕ್ಕ ಕೊಟ್ಟೆ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಕಡೆಯಿಂದಲೇ 1962ರ ಚುನಾವಣೆಯಿಂದ ದೇಶಕ್ಕೆಲ್ಲ ಆ ಶಾಯಿ ಹೋಗುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. 10 ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಜನರಿಗೆ ಸಾಕು ಅನ್ನುತ್ತಾರೆ. ಒಬ್ಬರ ಬೆರಳಿಗೆ ಎಷ್ಟು? ಮಿಲಿಲೀಟರು ಮೇಲೆ, ಜನ ಕೆಳಗೆ ಬರೆದು, ಮಿಲಿಯನ್ನು ಮೈಕ್ರೋಗೆ ಚಿಲ್ಲರೆ ಮಾಡಿಸಿ, ಎರಡು ನಿಮಿಷದಲ್ಲಿ ತೋರಿಸಿದಳು: ಒಬ್ಬರಿಗೆ ಸುಮಾರು 14 ಮೈಕ್ರೋಲೀಟರು. 'ಒಬ್ಬರಿಗೆ' ಅಂತ ಅವಳೇ ಬರೆದಿದ್ದಳು, ನಾನು ಹೇಳಿರಲಿಲ್ಲ.

ಕೊನೆಯದೊಂದು ಅಂತ ಸಕ್ಕರೆಯದು ಕೊಟ್ಟೆ. 17.1 ಗ್ರಾಂ ಸಕ್ಕರೆ ಕರಗಿಸಿ ನೀರು ಸೇರಿಸಿ 500 ಮಿಲಿಲೀಟರು ಮಾಡಿದರೆ ಮೋಲಾರಿಟಿ ಎಷ್ಟು. ಒಳಗೆ ಅವ್ವ ಮೊರದಲ್ಲಿ ಎಣಿಸಿದ ರಾಗಿಯನ್ನೂ ಎಣಿಸದ ರಾಗಿಯನ್ನೂ ಒಟ್ಟಿಗೆ ಕೇರುತ್ತಿದ್ದರು. ಪುಟ್ಟಿ ತುಟಿ ಅಲ್ಲಾಡಿಸುತ್ತಾ ಬರೆದಳು. ಗ್ರಾಂ ಗ್ರಾಂ ಹೊಡೆದುಹಾಕಿದಳು. ಮಿಲಿಲೀಟರನ್ನು ಲೀಟರು ಮಾಡಿದಳು. ಆಮೇಲೆ ತಲೆಯೆತ್ತಿ ಜೋರಾಗಿ, "ಬಂತು! ಸೊನ್ನೆ ಪಾಯಿಂಟ್ ಒಂದು!"

ಜಗುಲಿಯಿಂದ ಅಪ್ಪನ ದನಿ ಬಂತು. "ಎಕರೆಗೋ, ಹೆಕ್ಟೇರಿಗೋ?"

ಪುಟ್ಟಿ ನಕ್ಕಳು. "ಅಯ್ಯೋ ತಾತ, ಲೀಟರಿಗೆ! ಒಂದು ಲೀಟರಿಗೆ 0.1 ಮೋಲು."

"ಹಂಗೇಳು ಮತ್ತೆ" ಅಂದರು ಅಪ್ಪ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.